ಓಡುವಾಗ ತಣ್ಣಗೆ, ನಿಂತಾಗ ಬಿಸಿ: ಲಾರಿ ಏಸಿಗೆ ಒಂದು ಫ್ಯಾನ್ ಏನು ಮಾಡುತ್ತೆ?

ಅಮ್ಮತ್ತಿಯಲ್ಲಿ ಲಾರಿಗೆ ಏಸಿ ಬೇಕು ಅಂದರೆ ಯಾರಾದರೂ ನಗಬಹುದು. ಏಪ್ರಿಲ್ ಮಧ್ಯಾಹ್ನ ಕೂಡ ತೋಟದೊಳಗೆ ಸಿಲ್ವರ್ ಓಕ್ ನೆರಳಿಗೆ ಹೋದರೆ ಸಾಕು, ಜೀವ ತಣ್ಣಗಾಗುತ್ತೆ. ಆದರೆ ಲಾರಿ ಅಮ್ಮತ್ತಿಯಲ್ಲೇ ನಿಂತಿರೋದಿಲ್ಲವಲ್ಲ. ಕೊಡಗು ಜಿಲ್ಲೆಗೆ ರೈಲು ಇಲ್ಲ. ಕಾಫಿ, ಮೆಣಸು, ಮರ ಎಲ್ಲವೂ ರಸ್ತೆ ಮೇಲೇ ಹೋಗಬೇಕು. ಗೊಬ್ಬರ, ಸಿಮೆಂಟು, ಅಕ್ಕಿ ಎಲ್ಲವೂ ರಸ್ತೆ ಮೇಲೇ ಬರಬೇಕು. ಕೊಯ್ಲಾದ ಕಾಫಿ ಕಣದಲ್ಲಿ ಒಣಗಿ, ಚೀಲಕ್ಕೆ ಬಿದ್ದು, ಲಾರಿ ಹತ್ತೋ ಹೊತ್ತಿಗೆ ಫೆಬ್ರವರಿ, ಮಾರ್ಚ್ ಬಂದಿರುತ್ತೆ. ಅಂದರೆ ಲೋಡು ಜಾಸ್ತಿ ಇರೋ ತಿಂಗಳುಗಳೇ ಬಿಸಿಲೂ ಜಾಸ್ತಿ ಇರೋ ತಿಂಗಳುಗಳು.

ಅಮ್ಮತ್ತಿಯಿಂದ ಹೊರಟ ಲಾರಿಗೆ ಮುಖ್ಯವಾಗಿ ಎರಡು ದಾರಿ. ಒಂದು ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ. ಇನ್ನೊಂದು ಮಡಿಕೇರಿಗೆ ಹೋಗಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಪಣಂಬೂರು ಸಮುದ್ರದ ಪಕ್ಕದಲ್ಲೇ ಇದೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟ ಡ್ರೈವರ್ ಮಧ್ಯಾಹ್ನ ಬನಿಯನ್ನಿನಲ್ಲಿ ಕೂತಿರುತ್ತಾರೆ.

ನಾವು ಮೂವರು ಎರಡನೇ ವರ್ಷದ ಮೆಕ್ಯಾನಿಕಲ್‌ನವರು. ನಮ್ಮಲ್ಲೊಬ್ಬಳು ಅಮ್ಮತ್ತಿಯವಳು. ರಜೆಯಲ್ಲಿ ಅವಳ ಮನೆಗೆ ಹೋದಾಗ ಕಾಫಿ ಲೋಡ್ ಮಾಡಿಸುತ್ತಿದ್ದ ಒಬ್ಬ ಡ್ರೈವರಣ್ಣನ ಹತ್ತಿರ ಏಸಿ ವಿಷಯ ತೆಗೆದೆವು. ಅವರು ಹೇಳಿದ್ದು ಇಷ್ಟೇ: "ಓಡ್ತಾ ಇದ್ರೆ ತಣ್ಣಗಿರುತ್ತೆ. ಗೇಟ್ ಮುಂದೆ ಕ್ಯೂನಲ್ಲಿ ನಿಂತ್ರೆ ಬಿಸಿ ಗಾಳಿ ಬರುತ್ತೆ. ಓಡುವಾಗ ಕಿಟಕಿ ತೆಗೆದ್ರೂ ಗಾಳಿ ಬರುತ್ತಲ್ಲ, ಬೇಕಾಗಿರೋದು ನಿಂತಾಗ್ಲೇ." ಈ ಮೂರು ವಾಕ್ಯದೊಳಗೆ ನಮ್ಮ ಥರ್ಮೋಡೈನಾಮಿಕ್ಸ್ ಸಿಲೆಬಸ್‌ನ ಅರ್ಧ ಭಾಗ ಇದೆ. ಅದನ್ನು ಬಿಡಿಸಿ ಹೇಳೋದೇ ಈ ಲೇಖನದ ಕೆಲಸ.

ಈಗ ಯಾಕೆ ಈ ಮಾತು?

ನಮ್ಮ ದೇಶದಲ್ಲಿ ಬಹಳ ಕಾಲ ಲಾರಿ ಕ್ಯಾಬಿನ್‌ಗೆ ಏಸಿ ಅಂದರೆ ಐಷಾರಾಮಿ ಅನ್ನೋ ಲೆಕ್ಕ. 1990ರ ದಶಕದ ಕೊನೆಗೆ ನಮ್ಮ ಹೊಸಕೋಟೆಯಲ್ಲೇ ವೋಲ್ವೋ ಲಾರಿ ತಯಾರಾಗೋಕೆ ಶುರುವಾದರೂ, ಸಾಮಾನ್ಯ ಲಾರಿಯ ಡ್ರೈವರ್ ಪಾಲಿಗೆ ಕಿಟಕಿ ಮತ್ತು ಹೆಗಲ ಮೇಲಿನ ಟವೆಲ್ಲೇ ಏಸಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಹೊಸದಾಗಿ ತಯಾರಾಗುವ ಎನ್2 ಮತ್ತು ಎನ್3 ವರ್ಗದ ಲಾರಿಗಳ, ಅಂದರೆ ಒಟ್ಟು ತೂಕ 3.5 ಟನ್‌ಗಿಂತ ಜಾಸ್ತಿ ಇರುವ ಸರಕು ವಾಹನಗಳ, ಕ್ಯಾಬಿನ್‌ಗೆ ಏಸಿ ಕಡ್ಡಾಯ. ಪರೀಕ್ಷೆಗೆ ಐಎಸ್ 14618:2022 ಅನ್ನೋ ಮಾನದಂಡ.

ಒಳ್ಳೆಯ ಕಾನೂನು. ಆದರೆ ಇದು ಹೊಸ ಲಾರಿಗಳಿಗೆ ಮಾತ್ರ. ಇವತ್ತು ರಸ್ತೆ ಮೇಲಿರೋ ಹಳೇ ಲಾರಿಗಳಲ್ಲಿ ಕೆಲವಕ್ಕೆ ಏಸಿ ಇಲ್ಲ, ಕೆಲವಕ್ಕೆ ಆಮೇಲೆ ಹಾಕಿಸಿದ್ದು, ಕೆಲವಕ್ಕೆ ಇದ್ದೂ ಇಲ್ಲದ ಹಾಗೆ. ಏಸಿ ಇದೆ ಅನ್ನೋದು ಬೇರೆ, ಬೇಕಾದ ಹೊತ್ತಲ್ಲಿ ಕೆಲಸ ಮಾಡುತ್ತೆ ಅನ್ನೋದು ಬೇರೆ.

ಏಸಿಯೂ ಒಂದು ಲಾರಿಯೇ

ಏಸಿ ತಂಪನ್ನು ತಯಾರಿಸೋದಿಲ್ಲ. ಕ್ಯಾಬಿನ್ ಒಳಗಿನ ಶಾಖವನ್ನು ಲೋಡ್ ಮಾಡಿ ಹೊರಗೆ ಅನ್‌ಲೋಡ್ ಮಾಡುತ್ತೆ ಅಷ್ಟೆ. ಲೋಡ್ ಆಗೋ ಜಾಗ ಡ್ಯಾಶ್‌ಬೋರ್ಡ್ ಹಿಂದಿನ ಇವ್ಯಾಪೊರೇಟರ್. ಅನ್‌ಲೋಡ್ ಆಗೋ ಜಾಗ ಕಂಡೆನ್ಸರ್. ಬಹುತೇಕ ಲಾರಿಗಳಲ್ಲಿ ಇದು ಮುಂಭಾಗದ ಗ್ರಿಲ್ ಹಿಂದೆ, ರೇಡಿಯೇಟರ್‌ನ ಮುಂದೆ ಇರುತ್ತೆ. ಮಧ್ಯೆ ಓಡಾಡೋದು ರೆಫ್ರಿಜರೆಂಟ್, ಸಾಮಾನ್ಯವಾಗಿ ಆರ್-134ಎ. ಓಡಿಸೋದು ಎಂಜಿನ್ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್.

ಅನ್‌ಲೋಡ್ ಮಾಡೋ ಜಾಗದಲ್ಲಿ ಹಮಾಲರಿಲ್ಲದಿದ್ದರೆ ಏನಾಗುತ್ತೆ? ಲಾರಿ ಅಲ್ಲೇ ನಿಲ್ಲುತ್ತೆ, ವಾಪಸ್ ಬರೋ ಟ್ರಿಪ್ ಕಡಿಮೆಯಾಗುತ್ತೆ. ಕಂಡೆನ್ಸರ್‌ಗೆ ಹಮಾಲ ಅಂದರೆ ಗಾಳಿ. ಗಾಳಿ ಕಡಿಮೆಯಾದರೆ ಶಾಖ ಇಳಿಯೋದಿಲ್ಲ. ಇಳಿಯೋವರೆಗೆ ಕಂಡೆನ್ಸರ್ ತನ್ನ ತಾಪಮಾನವನ್ನು ಏರಿಸಿಕೊಳ್ಳುತ್ತಾ ಹೋಗುತ್ತೆ, ಜೊತೆಗೆ ಒತ್ತಡವೂ ಏರುತ್ತೆ.

ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನಾವು ಆರ್-134ಎ ಟೇಬಲ್ ಇಟ್ಟುಕೊಂಡು ಲೆಕ್ಕ ಹಾಕಿದೆವು. ಇವ್ಯಾಪೊರೇಟರ್ 5 ಡಿಗ್ರಿಯಲ್ಲಿದೆ ಅಂತ ಇಟ್ಟುಕೊಳ್ಳಿ. ಎರಡು ಸಂದರ್ಭ: ಕಂಡೆನ್ಸರ್ 50 ಡಿಗ್ರಿಯಲ್ಲಿದ್ದಾಗ ಮತ್ತು 70 ಡಿಗ್ರಿಯಲ್ಲಿದ್ದಾಗ.

50 ಡಿಗ್ರಿಯಲ್ಲಿ ಒತ್ತಡ ಸುಮಾರು 13 ಬಾರ್. ಪ್ರತಿ ಕೆ.ಜಿ. ರೆಫ್ರಿಜರೆಂಟ್ ಕ್ಯಾಬಿನ್‌ನಿಂದ ಸುಮಾರು 130 ಕಿಲೋಜೂಲ್ ಶಾಖ ಎತ್ತುತ್ತೆ. ಅದಕ್ಕೆ ಆದರ್ಶ ಕಂಪ್ರೆಸರ್ ಮಾಡಬೇಕಾದ ಕೆಲಸ ಸುಮಾರು 27 ಕಿಲೋಜೂಲ್.

70 ಡಿಗ್ರಿಯಲ್ಲಿ ಒತ್ತಡ ಸುಮಾರು 21 ಬಾರ್. ಎತ್ತೋ ಶಾಖ ಸುಮಾರು 97 ಕಿಲೋಜೂಲ್‌ಗೆ ಇಳಿಯುತ್ತೆ. ಕಂಪ್ರೆಸರ್ ಕೆಲಸ ಸುಮಾರು 37 ಕಿಲೋಜೂಲ್‌ಗೆ ಏರುತ್ತೆ.

ಅಂದರೆ ಸಿಒಪಿ 4.8ರಿಂದ 2.6ಕ್ಕೆ ಬಿತ್ತು. ಕೂಲಿ ಜಾಸ್ತಿ, ಕೆಲಸ ಕಡಿಮೆ. ನಿಜವಾದ ಕಂಪ್ರೆಸರ್‌ನಲ್ಲಿ ನಷ್ಟಗಳೂ ಸೇರಿ ಎರಡೂ ಸಂಖ್ಯೆ ಇನ್ನೂ ಕೆಳಗಿರುತ್ತೆ, ಆದರೆ ಹೋಲಿಕೆ ಹೀಗೇ ಉಳಿಯುತ್ತೆ. ಒತ್ತಡ ಇನ್ನೂ ಏರಿದರೆ ಸುರಕ್ಷತೆಯ ಸ್ವಿಚ್ ಕಂಪ್ರೆಸರನ್ನೇ ಆಫ್ ಮಾಡುತ್ತೆ. ಡ್ರೈವರಣ್ಣ ಹೇಳಿದ ಬಿಸಿ ಗಾಳಿ ಬರೋದು ಹೀಗೆ: ಬ್ಲೋವರ್ ಓಡ್ತಾನೇ ಇದೆ, ತಣ್ಣಗಾಗೋದು ನಿಂತಿದೆ.

ಮಂಗಳೂರಿನಲ್ಲಿ ಇನ್ನೊಂದು ತೊಂದರೆ ಇದೆ, ಸೆಕೆ. ಅಲ್ಲಿನ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಇವ್ಯಾಪೊರೇಟರ್ ಮೇಲೆ ಆ ನೀರೂ ಹನಿಯಾಗಿ ಇಳಿಯಬೇಕು. ಗಂಟೆಗೆ ಒಂದು ಲೀಟರ್ ನೀರು ಹಾಗೆ ಇಳಿದರೆ, ಅದೊಂದಕ್ಕೇ ಸುಮಾರು 0.7 ಕಿಲೋವ್ಯಾಟ್ ತಂಪು ಖರ್ಚು. ಲಾರಿ ಕೆಳಗೆ ತೊಟ್ಟಿಕ್ಕೋ ನೀರು ಬಿಟ್ಟಿ ಬಂದದ್ದಲ್ಲ. ಆ ಶಾಖವೂ ಕೊನೆಗೆ ಕಂಡೆನ್ಸರ್‌ನಿಂದಲೇ ಹೊರಗೆ ಹೋಗಬೇಕು.

ನಿಂತಾಗ ಗಾಳಿ ಎಲ್ಲಿ ಹೋಗುತ್ತೆ?

ಕಂಡೆನ್ಸರ್ 6 ಕಿಲೋವ್ಯಾಟ್ ಶಾಖ ಹೊರಹಾಕಬೇಕು ಅಂದುಕೊಳ್ಳೋಣ. ಒಳಗೆ ಬಂದ ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಹೋಗಲಿ ಅಂದರೆ ಸೆಕೆಂಡಿಗೆ ಸುಮಾರು 0.6 ಕೆ.ಜಿ. ಗಾಳಿ ಬೇಕು. ಅದು ಅರ್ಧ ಘನ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಫ್ಯಾನ್ ಮಾರುವವರ ಭಾಷೆಯಲ್ಲಿ ಸುಮಾರು 1,100 ಸಿಎಫ್‌ಎಂ. ಗಾಳಿ ಅರ್ಧ ಆದರೆ, ಅದೇ ಶಾಖ ಹೊರಲು ಅದು 20 ಡಿಗ್ರಿ ಬಿಸಿಯಾಗಬೇಕು. ಕಂಡೆನ್ಸರ್ ಅದಕ್ಕಿಂತಲೂ ಮೇಲೆ ಹೋಗಬೇಕು.

ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಓಡುವಾಗ ಇಷ್ಟು ಗಾಳಿ ಪುಕ್ಕಟೆ ಸಿಗುತ್ತೆ. ನಿಂತಾಗ ಇರೋದು ರೇಡಿಯೇಟರ್ ಹಿಂದಿನ ಎಂಜಿನ್ ಫ್ಯಾನ್ ಒಂದೇ. ಅದಕ್ಕೆ ಮೂರು ಮಿತಿ.

ಮೊದಲನೇದು ವೇಗ. ಆ ಫ್ಯಾನ್ ಎಂಜಿನ್ ಜೊತೆಗೇ ತಿರುಗೋದು. 2,100 ಆರ್‌ಪಿಎಂ ಇದ್ದದ್ದು ಐಡಲ್‌ನಲ್ಲಿ 700ಕ್ಕೆ ಬಂದರೆ, ಫ್ಯಾನ್ ನಿಯಮದ ಪ್ರಕಾರ ಗಾಳಿ ಮೂರರಲ್ಲಿ ಒಂದು ಭಾಗವಾಗುತ್ತೆ.

ಎರಡನೇದು ಕ್ಲಚ್. ಎಷ್ಟೋ ಲಾರಿಗಳಲ್ಲಿ ಫ್ಯಾನ್ ಮತ್ತು ಎಂಜಿನ್ ಮಧ್ಯೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತೆ. ಅದರ ಮುಂದಿರೋ ಬೈಮೆಟಲ್ ಪಟ್ಟಿ ರೇಡಿಯೇಟರ್ ದಾಟಿ ಬಂದ ಗಾಳಿಯ ಬಿಸಿ ನೋಡಿ ಕ್ಲಚ್ ಹಿಡಿಸುತ್ತೆ. ಐಡಲ್‌ನಲ್ಲಿ ಎಂಜಿನ್‌ಗೆ ಲೋಡ್ ಇಲ್ಲ, ರೇಡಿಯೇಟರ್ ಅಷ್ಟು ಬಿಸಿ ಇಲ್ಲ, ಹಾಗಾಗಿ ಕ್ಲಚ್ ಪೂರ್ತಿ ಹಿಡಿಯದೇ ಇರಬಹುದು. ಎಂಜಿನ್ ಆರಾಮಾಗಿದೆ, ಆದರೆ ಕಂಡೆನ್ಸರ್ ಉಸಿರುಗಟ್ಟಿದೆ. ಈ ಫ್ಯಾನ್ ಎಂಜಿನ್‌ನ ಸೇವಕ, ಏಸಿಯ ಸೇವಕ ಅಲ್ಲ.

ಮೂರನೇದು ವಾಪಸ್ ಬರೋ ಗಾಳಿ. ನಿಂತ ಲಾರಿಯ ಅಡಿಯಿಂದ ಮತ್ತು ರೇಡಿಯೇಟರ್ ಪಕ್ಕದ ಸಂದುಗಳಿಂದ ಎಂಜಿನ್‌ನ ಬಿಸಿ ಗಾಳಿ ಸುತ್ತಿ ಬಂದು ಮತ್ತೆ ಕಂಡೆನ್ಸರ್ ಮುಂದೆ ಸೇರುತ್ತೆ. ಹೊರಗೆ 35 ಡಿಗ್ರಿ ಇದ್ದರೂ ಕಂಡೆನ್ಸರ್ ಪಾಲಿಗೆ ಊರು ಅದಕ್ಕಿಂತ ಬಿಸಿ.

ಘಾಟಿ ಹತ್ತುವಾಗ ಕತೆ ಬೇರೆ. ಪಣಂಬೂರಿನಲ್ಲಿ ಗೊಬ್ಬರ ತುಂಬಿಕೊಂಡು 16 ಟನ್ ಲಾರಿಯೊಂದು 5 ಶೇಕಡಾ ಏರಿನಲ್ಲಿ 20 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ಬರೀ ಎತ್ತರಕ್ಕೆ ಏರಿಸೋಕೇ ಸುಮಾರು 44 ಕಿಲೋವ್ಯಾಟ್ ಬೇಕು. ರೇಡಿಯೇಟರ್ ಕಾದಿರುತ್ತೆ, ಕ್ಲಚ್ ಹಿಡಿದಿರುತ್ತೆ, ಕೆಳ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತಿರುತ್ತೆ. ಹಾಗಾಗಿ ಎಂಜಿನ್ ಫ್ಯಾನ್ ತಾನೇ ಗಾಳಿ ಎಳೆಯುತ್ತೆ. ಎಲೆಕ್ಟ್ರಿಕ್ ಫ್ಯಾನ್‌ನ ಲಾಭ ಇಲ್ಲಿ ಸ್ವಲ್ಪವೇ. ಅದರ ನಿಜವಾದ ಜಾಗ ಬಿ.ಸಿ. ರೋಡ್ ಜಾಮ್, ಟೋಲ್ ಕ್ಯೂ, ಗೋಡೌನ್ ಗೇಟ್.

ಮೊದಲು ನೀರು, ಆಮೇಲೆ ಫ್ಯಾನ್

ಫ್ಯಾನ್ ತರೋಕೆ ಅಂಗಡಿಗೆ ಓಡೋ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಲಾರಿಯನ್ನು ಬಿಸಿಲಲ್ಲಿ, ಗಾಳಿ ಆಡೋ ಜಾಗದಲ್ಲಿ ಐಡಲ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಏಸಿ ಫುಲ್ ಇಡಿ. ಏಸಿ ಗಾಳಿ ಬರೋ ಕಿಂಡಿಯಲ್ಲಿ ಒಂದು ಥರ್ಮಾಮೀಟರ್ ಸಿಕ್ಕಿಸಿ. ಹತ್ತು ನಿಮಿಷ ಬಿಟ್ಟು, ಗ್ರಿಲ್ ಮುಂದಿನಿಂದ ಕಂಡೆನ್ಸರ್ ಮೇಲೆ ಪೈಪಿನಿಂದ ಸಣ್ಣಗೆ ನೀರು ಹಾಯಿಸಿ.

ಒಳಗಿನ ಗಾಳಿ ಬೇಗ ತಣ್ಣಗಾದರೆ, ಸಮಸ್ಯೆ ಅನ್‌ಲೋಡ್ ಮಾಡೋ ಜಾಗದಲ್ಲೇ ಇದೆ. ಫ್ಯಾನ್ ಸಹಾಯ ಮಾಡುತ್ತೆ. ಏನೂ ಬದಲಾಗದಿದ್ದರೆ ಸಮಸ್ಯೆ ಬೇರೆ ಕಡೆ: ಗ್ಯಾಸ್ ಕಡಿಮೆ ಇರಬಹುದು, ಕಂಪ್ರೆಸರ್ ಸವೆದಿರಬಹುದು, ಕ್ಯಾಬಿನ್ ಒಳಗಿನ ಫಿಲ್ಟರ್ ಕಟ್ಟಿರಬಹುದು. ಆಗ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ದುಡ್ಡು ದಂಡ.

ಇನ್ನೂ ಮೊದಲಿನ ಕೆಲಸ ಒಂದಿದೆ, ಕಂಡೆನ್ಸರ್ ತೊಳೆಯೋದು. ಅಮ್ಮತ್ತಿ ಸುತ್ತಮುತ್ತ ತೋಟದ ಮಣ್ಣು ರಸ್ತೆಗಳಲ್ಲಿ ಓಡಾಡೋ ಲಾರಿಯ ಗ್ರಿಲ್ ಹಿಂದೆ ಬಗ್ಗಿ ನೋಡಿ. ಕೆಂಪು ಧೂಳು, ಸಿಲ್ವರ್ ಓಕ್ ಎಲೆ, ಕಾಫಿ ಹೊಟ್ಟು, ಸತ್ತ ಹುಳ ಎಲ್ಲ ಸೇರಿ ಫಿನ್‌ಗಳ ಮಧ್ಯೆ ಚಾಪೆ ನೇಯ್ದ ಹಾಗಿರುತ್ತೆ. ಸಾದಾ ಒತ್ತಡದ ನೀರಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನ ಜೋರು ಪ್ರೆಶರ್ ಹತ್ತಿರ ಹಿಡಿದರೆ ತೆಳು ಅಲ್ಯುಮಿನಿಯಂ ಫಿನ್‌ಗಳು ಮಲಗಿಬಿಡುತ್ತವೆ, ಇದ್ದ ಗಾಳಿಯೂ ಬಂದ್.

ರೇಡಿಯೇಟರ್ ಪಕ್ಕದ ಸಂದುಗಳಿಗೆ ಫೋಮ್ ಅಥವಾ ರಬ್ಬರ್ ಪಟ್ಟಿ ಹಾಕಿ ಮುಚ್ಚೋದು ಇನ್ನೊಂದು ಅಗ್ಗದ ಮದ್ದು. ಬಿಸಿ ಗಾಳಿ ಸುತ್ತಿ ಬರೋದು ಅಷ್ಟಕ್ಕೇ ಎಷ್ಟೋ ಕಡಿಮೆಯಾಗುತ್ತೆ.

ಫ್ಯಾನ್ ಹಾಕೋದಾದರೆ

ಲಾರಿಯಲ್ಲಿ ರೇಡಿಯೇಟರ್ ಹಿಂದೆ ಎಂಜಿನ್ ಫ್ಯಾನ್ ಇರೋದರಿಂದ ಎಲೆಕ್ಟ್ರಿಕ್ ಫ್ಯಾನ್‌ಗೆ ಜಾಗ ಕಂಡೆನ್ಸರ್ ಮುಂದೆಯೇ. ಇದು ಗಾಳಿಯನ್ನು ಒಳಕ್ಕೆ ತಳ್ಳೋ ಫ್ಯಾನ್. ಅಮ್ಮತ್ತಿಯ ಮೆಕ್ಯಾನಿಕ್ ಆಗಲಿ, ನಮ್ಮ ವರ್ಕ್‌ಶಾಪ್ ಲ್ಯಾಬ್ ಆಗಲಿ, ಗಮನ ಇಡಬೇಕಾದ ವಿಷಯ ಕೆಲವಿವೆ.

ಗಾಳಿ ಯಾವ ಕಡೆ ಹೋಗುತ್ತೆ ನೋಡಿ. ವೈರ್ ಅದಲುಬದಲಾದರೆ ಡಿಸಿ ಮೋಟರ್ ಉಲ್ಟಾ ತಿರುಗುತ್ತೆ; ಮುಂದಿನ ಫ್ಯಾನ್ ಹಿಂದಿನ ಫ್ಯಾನ್ ಜೊತೆ ಜಗಳ ಆಡುತ್ತೆ. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳಬೇಕು.

ವೋಲ್ಟೇಜ್ ನೋಡಿ. ಪಿಕಪ್‌ಗಳು 12 ವೋಲ್ಟ್, ದೊಡ್ಡ ಲಾರಿಗಳು ಸಾಮಾನ್ಯವಾಗಿ 24 ವೋಲ್ಟ್. ಕಾರಿನ 12 ವೋಲ್ಟ್ ಫ್ಯಾನ್ ಕೈಯಲ್ಲಿದೆ ಅಂತ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟ್ ಎಳೆಯೋ ರೂಢಿ ಇದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ, ಇನ್ನೊಂದು ಅಜೀರ್ಣದಲ್ಲಿ. ಎರಡೂ ಬೇಗ ಸಾಯುತ್ತವೆ. 24 ವೋಲ್ಟ್ ಫ್ಯಾನನ್ನೇ ಹಾಕಬೇಕು.

ಸ್ವಿಚ್‌ನಿಂದ ನೇರ ಕರೆಂಟ್ ಕೊಡಬೇಡಿ. ರಿಲೇ ಬೇಕು, ಬ್ಯಾಟರಿ ಹತ್ತಿರವೇ ಫ್ಯೂಸ್ ಬೇಕು. ರಿಲೇಗೆ ಸಂಕೇತ ಕಂಪ್ರೆಸರ್ ಕ್ಲಚ್‌ನಿಂದ ಅಥವಾ, ಇನ್ನೂ ಒಳ್ಳೇದು, ಒತ್ತಡ ನೋಡಿ ಆನ್ ಆಗೋ ಪ್ರೆಶರ್ ಸ್ವಿಚ್‌ನಿಂದ ಬರಲಿ. ಪ್ರೆಶರ್ ಸ್ವಿಚ್ ಇದ್ದರೆ ಹೆದ್ದಾರಿಯಲ್ಲಿ ಫ್ಯಾನ್ ತಾನಾಗಿ ಸುಮ್ಮನಿರುತ್ತೆ, ಕ್ಯೂನಲ್ಲಿ ತಾನಾಗಿ ಎದ್ದೇಳುತ್ತೆ.

ಕಟ್ಟೋದು ಹೇಗೆ ಅನ್ನೋದೂ ಮುಖ್ಯ. ಕೆಲವು ಕಿಟ್‌ಗಳ ಜೊತೆ ಕಂಡೆನ್ಸರ್ ಫಿನ್‌ಗಳ ಮಧ್ಯೆ ತೂರಿಸಿ ಬಿಗಿಯೋ ಪ್ಲಾಸ್ಟಿಕ್ ಕಡ್ಡಿಗಳು ಬರುತ್ತವೆ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅವು ಉಜ್ಜಿ ಉಜ್ಜಿ ಟ್ಯೂಬ್ ತೂತು ಮಾಡಬಹುದು. ಕಬ್ಬಿಣದ ಪಟ್ಟಿ ಮಾಡಿಸಿ ಫ್ರೇಮ್‌ಗೆ ಬೋಲ್ಟ್ ಮಾಡೋದೇ ಸರಿ. ಫ್ಯಾನ್ ಸುತ್ತ ಒಂದು ಶ್ರೌಡ್ ಇದ್ದರೆ ಗಾಳಿ ಬ್ಲೇಡ್ ಎದುರಿನ ವೃತ್ತಕ್ಕೆ ಮಾತ್ರ ಅಲ್ಲ, ಇಡೀ ಕಂಡೆನ್ಸರ್‌ಗೆ ಹಂಚಿಕೆಯಾಗುತ್ತೆ. ಆದರೆ ಅಗತ್ಯಕ್ಕಿಂತ ದೊಡ್ಡ ಫ್ಯಾನ್, ದೊಡ್ಡ ಶ್ರೌಡ್ ಹಾಕಿದರೆ ಓಡುವಾಗ ಪುಕ್ಕಟೆ ಬರೋ ಗಾಳಿಗೇ ಅಡ್ಡ. ಬಾಕ್ಸ್ ಮೇಲಿನ ಸಿಎಫ್‌ಎಂ ಮುಂದೆ ಯಾವ ತಡೆಯೂ ಇಲ್ಲದಾಗಿನದು ಅನ್ನೋದೂ ನೆನಪಿರಲಿ. ಫಿನ್‌ಗಳ ಮೂಲಕ ತಳ್ಳುವಾಗ ಅಷ್ಟು ಬರೋಲ್ಲ.

ಗ್ಯಾಸ್ ಪೈಪುಗಳನ್ನು ಮಾತ್ರ ನಾವು ನೀವು ಬಿಚ್ಚಬಾರದು. 20 ಬಾರ್ ಒತ್ತಡ ತಮಾಷೆ ಅಲ್ಲ. ವಾರಂಟಿ ಇರೋ ಹೊಸ ಲಾರಿಯಾದರೆ ಕಂಪನಿ ಸರ್ವಿಸ್‌ನವರನ್ನು ಕೇಳದೆ ವೈರ್ ಮುಟ್ಟೋದೂ ಬೇಡ.

ಲೆಕ್ಕ ಗಿಟ್ಟುತ್ತಾ?

"ಫ್ಯಾನ್ ಹಾಕಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ" ಅನ್ನೋ ಮಾತು ಲಾರಿ ಮಾಲೀಕರ ಬಾಯಲ್ಲಿ ಸಹಜ. ಲೆಕ್ಕ ನೋಡೋಣ. 100 ವ್ಯಾಟ್‌ನ ಫ್ಯಾನ್ 24 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತೆ. ಆಲ್ಟರ್ನೇಟರ್, ಬೆಲ್ಟ್ ನಷ್ಟ ಎಲ್ಲ ಸೇರಿಸಿ ಎಂಜಿನ್ ಮೇಲೆ 200 ವ್ಯಾಟ್ ಅಂತಲೇ ಹಿಡಿಯಿರಿ. ಈಗ ಕಂಪ್ರೆಸರ್ ಕಡೆ ಬನ್ನಿ. 4.5 ಕಿಲೋವ್ಯಾಟ್ ತಂಪು ಬೇಕೆಂದರೆ, ಮೇಲಿನ ಆದರ್ಶ ಲೆಕ್ಕದಲ್ಲಿ ಕಂಡೆನ್ಸರ್ 70 ಡಿಗ್ರಿಯಲ್ಲಿದ್ದಾಗ ಸುಮಾರು 1,700 ವ್ಯಾಟ್ ಬೇಕು, 50 ಡಿಗ್ರಿಯಲ್ಲಿದ್ದಾಗ ಸುಮಾರು 950 ಸಾಕು. 750 ವ್ಯಾಟ್ ವ್ಯತ್ಯಾಸ. ಫ್ಯಾನ್ ಪೂರ್ತಿ 20 ಡಿಗ್ರಿ ಇಳಿಸದೆ ಅರ್ಧ ಇಳಿಸಿದರೂ ತನ್ನ ಊಟಕ್ಕಿಂತ ಜಾಸ್ತಿ ದುಡಿದಿರುತ್ತೆ.

ಇದು ಹೊಸ ಉಪಾಯವೇನೂ ಅಲ್ಲ. ಮುಂದೆ ಎಂಜಿನ್ ಅಡ್ಡಲಾಗಿ ಕೂತಿರೋ ಕಾರುಗಳಲ್ಲೆಲ್ಲ ಎಲೆಕ್ಟ್ರಿಕ್ ಫ್ಯಾನೇ ಇರೋದು. ಏಸಿ ಹಾಕಿದ ಕೂಡಲೇ ಅದು ಶುರುವಾಗೋ ಸದ್ದು ನೀವೂ ಕೇಳಿರುತ್ತೀರಿ. ಮಂಗಳೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಗಲ್ಫ್‌ನಲ್ಲಿರೋ ಮಾವನೋ ಅಣ್ಣನೋ "ಜಿಸಿಸಿ ಸ್ಪೆಕ್ ಗಾಡಿ" ಅನ್ನೋದನ್ನು ಕೇಳಿದವರಿದ್ದಾರೆ. ಅಲ್ಲಿನ ಮರುಭೂಮಿಯ ಬಿಸಿಗೆ ತಕ್ಕಂತೆ ಏಸಿ ಮತ್ತು ರೇಡಿಯೇಟರ್ ಬಲಪಡಿಸಿದ ಗಾಡಿಗಳು ಅವು. ಕಾರಿಗೆ ಸಿಕ್ಕ ಈ ಗಮನ ನಮ್ಮ ಲಾರಿಗೆ ತಡವಾಗಿ ಸಿಗುತ್ತಿದೆ, ಅಷ್ಟೆ.

ಫ್ಯಾನ್‌ನಿಂದ ಆಗದ ಕೆಲಸಗಳೂ ಇವೆ. ಐಡಲ್‌ನಲ್ಲಿ ಕಂಪ್ರೆಸರ್ ಕೂಡ ನಿಧಾನವೇ. ಅದನ್ನು ಫ್ಯಾನ್ ಸರಿ ಮಾಡೋಲ್ಲ. ಎಂಜಿನ್ ಆಫ್ ಮಾಡಿದರೆ ಏಸಿಯೇ ಇಲ್ಲ, ಹಾಗಾಗಿ ರಾತ್ರಿ ಮಲಗೋ ಡ್ರೈವರ್‌ಗೆ ಇದರಿಂದ ಪ್ರಯೋಜನ ಇಲ್ಲ. ಏಸಿಗಾಗಿ ಎಂಜಿನ್ ಓಡಿಸಿಟ್ಟು ಮುಚ್ಚಿದ ಕ್ಯಾಬಿನ್‌ನಲ್ಲಿ ಮಲಗೋದಂತೂ ಅಪಾಯ; ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಕ್ಯಾಬಿನ್ ಬಾಗಿಲಿನ ಹರಿದ ರಬ್ಬರ್, ಎಂಜಿನ್ ಮೇಲಿನ ಮುಚ್ಚಳದಿಂದ ಕಾಲಿಗೆ ಹೊಡೆಯೋ ಶಾಖ, ಇವನ್ನು ಸರಿ ಮಾಡದಿದ್ದರೆ ಒಂದು ಕಡೆ ನೀರೆತ್ತಿ ಇನ್ನೊಂದು ಕಡೆ ಸುರಿದ ಹಾಗೆ.

ಇಷ್ಟೆಲ್ಲ ಯಾಕೆ ಅಂದರೆ, ಗೇಟ್ ಮುಂದೆ ಎರಡು ಗಂಟೆ ಬೆಂದು ಬಂದ ಅದೇ ಮನುಷ್ಯ ಸಂಜೆ ಗೊಬ್ಬರದ ಲೋಡ್ ಹೊತ್ತು ಸಂಪಾಜೆ ಘಾಟಿಯ ತಿರುವುಗಳನ್ನು ಹತ್ತಬೇಕು. ಎದುರಿಗೆ ಬರೋ ಬಸ್ಸಿನಲ್ಲಿ ನಾವೇ ಕೂತಿರಬಹುದು. ದಣಿದ ಕಣ್ಣಿಗೂ ದಣಿಯದ ಕಣ್ಣಿಗೂ ತಿರುವಿನಲ್ಲಿ ಇರೋ ವ್ಯತ್ಯಾಸಕ್ಕೆ ಟೇಬಲ್ ನೋಡಬೇಕಾಗಿಲ್ಲ.

ನಮ್ಮಲ್ಲಿ ಕೆಲವರು ನಾಳೆ ಇದೇ ಲಾರಿ ಕಂಪನಿಗಳ ಡಿಸೈನ್ ಆಫೀಸಿನಲ್ಲಿ ಕೂರುತ್ತೇವೆ. ಏಸಿ ಎಷ್ಟು ಕಿಲೋವ್ಯಾಟ್ ಅಂತ ಬ್ರೋಷರ್‌ನಲ್ಲಿ ಬರೆಯೋದು ಸುಲಭ. ಅವತ್ತು ಕೇಳಬೇಕಾದ ಪ್ರಶ್ನೆ ಇನ್ನೊಂದು: ಹೊರಗೆ 40 ಡಿಗ್ರಿ, ಎಂಜಿನ್ 700 ಆರ್‌ಪಿಎಂ, ಲಾರಿ ನಿಂತಿದೆ, ಈಗ ಎಷ್ಟು ಕಿಲೋವ್ಯಾಟ್? ಅಲ್ಲಿಯವರೆಗೆ, ಈ ಬೇಸಿಗೆಯಲ್ಲಿ ನಿಮ್ಮೂರಿನ ಯಾವುದಾದರೂ ಲಾರಿಯ ಗ್ರಿಲ್ ಹಿಂದೆ ಒಮ್ಮೆ ಬಗ್ಗಿ ನೋಡಿ. ಒಂದು ಥರ್ಮಾಮೀಟರ್, ಒಂದು ನೀರಿನ ಪೈಪು ಸಾಕು, ಶುರು ಮಾಡೋಕೆ.